ಆಡ್ರೆ, ವೇಟ್! (ಕಾದಂಬರಿ)

'ಆಡ್ರೆ, ವೇಟ್!' ಎಂಬುದು ಅಮೆರಿಕದ ಲೇಖಕಿ ರಾಬಿನ್ ಬೆನ್ವೇ ಅವರು ಹದಿಹರೆಯದ ಓದುಗರಿಗಾಗಿ ಇಂಗ್ಲಿಷಿನಲ್ಲಿ ಬರೆದ ಹಾಸ್ಯಮಯ ಪ್ರೇಮ ಕಾದಂಬರಿ. ಇದು ಅವರ ಚೊಚ್ಚಲ ಕೃತಿಯಾಗಿದ್ದು, 2008ರಲ್ಲಿ ಪೆಂಗ್ವಿನ್ ಸಂಸ್ಥೆಯ ರೇಜರ್‌ಬಿಲ್ ಮುದ್ರೆಯಡಿ ಪ್ರಕಟವಾಯಿತು. ಶೀರ್ಷಿಕೆಗೆ 'ಆಡ್ರೆ, ನಿಲ್ಲು!' ಎಂದರ್ಥ.

ಕಥಾವಸ್ತು

ಕ್ಯಾಲಿಫೋರ್ನಿಯಾದ ಹದಿನಾರರ ಹರೆಯದ ಆಡ್ರೆ ಕಟ್ಲರ್ ಸಂಗೀತಪ್ರಿಯೆ. ಬಿಡುವಿನಲ್ಲಿ ಐಸ್‌ಕ್ರೀಂ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಾಳೆ. 'ಡು-ಗುಡರ್ಸ್' ಎಂಬ ತಂಡದ ಗಾಯಕನಾದ ತನ್ನ ಗೆಳೆಯ ಇವಾನ್‌ನೊಂದಿಗಿನ ಸಂಬಂಧವನ್ನು ಆಕೆ ಕಡಿದುಕೊಂಡು ಹೊರನಡೆಯುವಾಗ, ನಿಲ್ಲುವಂತೆ ಆತ ಕೂಗುತ್ತಾನೆ. ಆಕೆ ನಿಲ್ಲುವುದಿಲ್ಲ. ಆ ಕೂಗನ್ನೇ ಪಲ್ಲವಿಯಾಗಿಸಿ ಇವಾನ್ ಹಾಡು ಕಟ್ಟುತ್ತಾನೆ. ಅದನ್ನು ಆಡ್ರೆ ಮೊದಲು ಕೇಳುವುದು ತುಂಬಿದ ಸಭೆಯಲ್ಲಿ, ಎಲ್ಲರೊಂದಿಗೆ.

ಹಾಡು ಜನಪ್ರಿಯವಾಗುತ್ತಿದ್ದಂತೆ ಆಡ್ರೆಯ ಹೆಸರು ಎಲ್ಲರ ಬಾಯಲ್ಲೂ ಸುಳಿಯತೊಡಗುತ್ತದೆ. ಛಾಯಾಗ್ರಾಹಕರು ಬೆನ್ನು ಹತ್ತುತ್ತಾರೆ; ಐಸ್‌ಕ್ರೀಂ ಅಂಗಡಿಗೆ ಅಭಿಮಾನಿಗಳು ಮುಗಿಬೀಳುತ್ತಾರೆ. ಪ್ರಸಿದ್ಧ ಗಾಯಕನೊಬ್ಬನೊಡನೆ ಆಕೆ ವೇದಿಕೆಯ ಹಿಂದೆ ಕಳೆದ ಖಾಸಗಿ ಗಳಿಗೆಯ ದೃಶ್ಯವೂ ಅಂತರ್ಜಾಲದಲ್ಲಿ ಹರಿದಾಡುತ್ತದೆ. ಇದರ ನಡುವೆ ಸಹೋದ್ಯೋಗಿ ಜೇಮ್ಸ್‌ನೊಂದಿಗೆ ಚಿಗುರುತ್ತಿರುವ ಒಲವನ್ನೂ ಆಪ್ತ ಗೆಳತಿ ವಿಕ್ಟೋರಿಯಾಳ ಸ್ನೇಹವನ್ನೂ ಉಳಿಸಿಕೊಳ್ಳುವುದು ಆಕೆಗೆ ಕಠಿಣವಾಗುತ್ತದೆ.

ನಿರೂಪಣೆ

ಕಥೆಯನ್ನು ಆಡ್ರೆಯೇ ಉತ್ತಮ ಪುರುಷದಲ್ಲಿ ಹೇಳುತ್ತಾಳೆ, ಮತ್ತು ಕೃತಿಯ ಬಲವಿರುವುದು ಇಲ್ಲಿಯೇ. ಹಾಡು ಕೇಳಿದವರಿಗೆ ತಿಳಿದಿರುವುದು ಇವಾನ್‌ನ ಅಳಲು ಮಾತ್ರ. ಅದರಲ್ಲಿ ಆಡ್ರೆ ಬಿಟ್ಟುಹೋದವಳೇ ಹೊರತು, ಬಿಟ್ಟುಹೋಗಲು ಕಾರಣವಿದ್ದವಳಲ್ಲ. ತನ್ನನ್ನು ಕುರಿತ ಹಾಡಿಗೆ ಯಾರೂ ಆಕೆಯ ಒಪ್ಪಿಗೆ ಕೇಳಿರಲಿಲ್ಲ. ಹೀಗಾಗಿ ಕಾದಂಬರಿಯು ಆ ಹಾಡಿಗೆ ಆಕೆ ಕೊಡುವ ಉತ್ತರದಂತಿದೆ. ಮೊಬೈಲ್ ಕ್ಯಾಮೆರಾ ಮತ್ತು ವಿಡಿಯೊ ತಾಣಗಳು ಆಗಷ್ಟೇ ಹರಡುತ್ತಿದ್ದ ಕಾಲದ ಬರಹವಾದರೂ, ಕೇಳದೆ ಬಂದ ಪ್ರಸಿದ್ಧಿಯ ಇಕ್ಕಟ್ಟು ಇದರಲ್ಲಿ ಸ್ಪಷ್ಟವಾಗಿ ಮೂಡಿದೆ.

ಇಷ್ಟಾದರೂ ಧಾಟಿ ಲಘುವಾದದ್ದು. ಅಧ್ಯಾಯಗಳ ಆರಂಭದಲ್ಲಿ ಹಾಡುಗಳ ಸಾಲುಗಳಿವೆ. ಇಂಥ ಕಾದಂಬರಿಗಳಲ್ಲಿ ಹೆತ್ತವರು ಸಾಮಾನ್ಯವಾಗಿ ನೆಪಮಾತ್ರಕ್ಕೆ ಇರುತ್ತಾರೆ. ಇಲ್ಲಿ ಅವರು ಮಗಳ ಜೊತೆ ನಿಲ್ಲುತ್ತಾರೆ. ಬೆಂಡೊಮೊಲೀನಾ ಎಂಬ ಸ್ಥೂಲಕಾಯದ ಬೆಕ್ಕೂ ನಗೆಗೆ ಕಾರಣವಾಗುತ್ತದೆ.

ಲೇಖಕಿ

ಬೆನ್ವೇ ಅವರ ನಂತರದ ಕೃತಿ 'ಫಾರ್ ಫ್ರಮ್ ದ ಟ್ರೀ' ದತ್ತುಸಂಬಂಧಗಳನ್ನು ಕುರಿತದ್ದು. ಅದಕ್ಕೆ 2017ರಲ್ಲಿ ಕಿರಿಯರ ಸಾಹಿತ್ಯ ವಿಭಾಗದ ಅಮೆರಿಕದ ನ್ಯಾಷನಲ್ ಬುಕ್ ಅವಾರ್ಡ್ ದೊರೆಯಿತು.