ಕಿಡಿ ಕುಂದುವ ಬಗೆ: 6 ವೋಲ್ಟಿನ ಜಾವಾ–ಯೆಜ್ಡಿಗಳಲ್ಲಿ ವಿದ್ಯುತ್ ಮತ್ತು ಇಗ್ನಿಷನ್ ದೋಷಗಳ ಪತ್ತೆ

ಮೋಟಾರ್ ಸೈಕಲ್ಲಿನ ಯಾವುದಾದರೂ ವಿದ್ಯುತ್ ಭಾಗ ಪೂರ್ತಿ ಕೆಟ್ಟುಹೋಗಿದ್ದರೆ ಅದನ್ನು ಹುಡುಕುವುದು ಕಷ್ಟವಲ್ಲ. ಕರೆಂಟ್ ಹರಿಯುತ್ತಲೇ ಇದ್ದು, ಬೇಕಾದಷ್ಟು ಹರಿಯದಿದ್ದಾಗ ಮೆಕ್ಯಾನಿಕ್ ದಾರಿ ತಪ್ಪುತ್ತಾನೆ. ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆ ಚೆಕೊಸ್ಲೊವಾಕಿಯಾದ ಪರವಾನಗಿಯಡಿ 1960ರ ದಶಕದ ಆರಂಭದಿಂದ ಜಾವಾ ಹೆಸರಿನಲ್ಲಿ, ಮುಂದೆ 1996ರಲ್ಲಿ ಮುಚ್ಚುವವರೆಗೂ ಯೆಜ್ಡಿ ಹೆಸರಿನಲ್ಲಿ ತಯಾರಿಸಿದ 250 ಸಿಸಿ ಟೂ-ಸ್ಟ್ರೋಕ್ ಬೈಕುಗಳು ಈ ಬಗೆಯ ದೋಷದ ಅಧ್ಯಯನಕ್ಕೆ ಹೇಳಿ ಮಾಡಿಸಿದಂತಿವೆ. ಅವುಗಳ ಪೈಕಿ ಡೈನಮೊ ಇರುವ ಮಾದರಿಗಳದು 6 ವೋಲ್ಟಿನ ವ್ಯವಸ್ಥೆ, ಪಾಯಿಂಟು–ಕಾಯಿಲ್ ಇಗ್ನಿಷನ್. ಎಲ್ಲ ಭಾಗಗಳೂ ಕಣ್ಣಿಗೆ ಕಾಣುತ್ತವೆ, ಕೈಗೆ ಸಿಗುತ್ತವೆ, ಅಳತೆಗೆ ಒಳಪಡುತ್ತವೆ.

ಮಂಡಲದ ದಾರಿ ಸರಳವಾದದ್ದು. ಬ್ಯಾಟರಿಯಿಂದ ಹೊರಟ ಕರೆಂಟ್ ಫ್ಯೂಸ್ ಮತ್ತು ಇಗ್ನಿಷನ್ ಸ್ವಿಚ್ ದಾಟಿ, ಕಾಯಿಲಿನ ಪ್ರಾಥಮಿಕ ಸುರುಳಿಯಲ್ಲಿ ಹರಿದು, ಮುಚ್ಚಿದ ಪಾಯಿಂಟಿನ ಮೂಲಕ ಎಂಜಿನ್ ಕವಚಕ್ಕೆ, ಅಲ್ಲಿಂದ ಚಾಸಿಯ ಮೂಲಕ ಬ್ಯಾಟರಿಗೆ ಮರಳುತ್ತದೆ. ಪಾಯಿಂಟು ತೆರೆದ ಕ್ಷಣ ಪ್ರಾಥಮಿಕ ಸುರುಳಿಯ ಕಾಂತಕ್ಷೇತ್ರ ಕುಸಿಯುತ್ತದೆ. ದ್ವಿತೀಯಕ ಸುರುಳಿಯಲ್ಲಿ ಸಾವಿರಾರು ವೋಲ್ಟ್ ಹುಟ್ಟಿ ಪ್ಲಗ್ಗಿನ ತುದಿಯಲ್ಲಿ ಕಿಡಿಯಾಗುತ್ತದೆ. ಟೂ-ಸ್ಟ್ರೋಕ್ ಎಂಜಿನ್ನಿಗೆ ಸುತ್ತಿಗೊಂದು ಕಿಡಿ ಬೇಕು. ನಿಮಿಷಕ್ಕೆ 4500 ಸುತ್ತು ತಿರುಗುವಾಗ ಸೆಕೆಂಡಿಗೆ 75 ಕಿಡಿ. ಕಾಯಿಲ್ ತುಂಬಿ ಖಾಲಿಯಾಗಲು ಸಿಗುವ ಒಟ್ಟು ಅವಧಿ ಸುಮಾರು 13 ಮಿಲಿಸೆಕೆಂಡ್.

ಕಾಯಿಲಿನಲ್ಲಿ ಸಂಗ್ರಹವಾಗುವ ಶಕ್ತಿ ಕರೆಂಟಿನ ವರ್ಗಕ್ಕೆ ಅನುಗುಣವಾದದ್ದು ಎಂಬುದೇ ಪತ್ತೆಕಾರ್ಯದ ತಳಹದಿ. ತುಕ್ಕು ಹಿಡಿದ ಒಂದು ಅರ್ತ್ ಜೋಡಣೆ 6 ವೋಲ್ಟಿನಲ್ಲಿ 1 ವೋಲ್ಟ್ ತಿಂದರೆ ಕರೆಂಟ್ ಆರನೇ ಒಂದು ಭಾಗ ಇಳಿಯುತ್ತದೆ, ಕಿಡಿಯ ಶಕ್ತಿ ಮಾತ್ರ ಶೇ 30ರಷ್ಟು ಕುಸಿಯುತ್ತದೆ. 12 ವೋಲ್ಟಿನ ಬೈಕಿನಲ್ಲಿ ಅದೇ 1 ವೋಲ್ಟ್ ನಷ್ಟವಾದರೆ ಶಕ್ತಿಯ ಇಳಿಕೆ ಶೇ 16. 6 ವೋಲ್ಟಿನ ಬೈಕುಗಳಿಗೆ ಅಂಟಿದ ಅಪಖ್ಯಾತಿಯ ಬಹುಪಾಲು ಈ ಲೆಕ್ಕದಲ್ಲೇ ಅಡಗಿದೆ. ಕಾಯಿಲ್, ಕಂಡೆನ್ಸರ್, ಪ್ಲಗ್ ಒಂದಾದ ಮೇಲೊಂದು ಬದಲಾಯಿಸಿದರೂ ಗುಣವಾಗದ ಗಾಡಿಯಲ್ಲಿ ದೋಷ ಸಾಮಾನ್ಯವಾಗಿ ಬಿಡಿಭಾಗದಲ್ಲಿರದೆ ಜೋಡಣೆಯಲ್ಲಿರುತ್ತದೆ.

ಆದ್ದರಿಂದ ಮೊದಲು ಬ್ಯಾಟರಿಯನ್ನು ಹೊರೆ ಹೊರಿಸಿ ನೋಡಬೇಕು. ಮೂರು ಕೋಶಗಳ ಪೂರ್ಣ ಚಾರ್ಜಾದ ಬ್ಯಾಟರಿ ವಿಶ್ರಾಂತಿಯಲ್ಲಿ ಸುಮಾರು 6.3 ವೋಲ್ಟ್ ತೋರಿಸುತ್ತದೆ. ಆದರೆ ಸಲ್ಫೇಟ್ ಕಟ್ಟಿದ ಬ್ಯಾಟರಿಯೂ ಹೊರೆಯಿಲ್ಲದಾಗ ಇದೇ ಅಂಕಿಯನ್ನು ತೋರಿಸಬಲ್ಲದು. ಹೆಡ್‌ಲೈಟ್ ಹಾಕಿ ಹಾರ್ನ್ ಒತ್ತಿದಾಗ ಅದರ ನಿಜಸ್ಥಿತಿ ಹೊರಬೀಳುತ್ತದೆ. ಹೈಡ್ರೊಮೀಟರಿನಲ್ಲಿ ಮೂರು ಕೋಶಗಳ ಆ್ಯಸಿಡ್ ಸಾಂದ್ರತೆ 1.26ರ ಆಸುಪಾಸಿನಲ್ಲಿ ಸಮನಾಗಿರಬೇಕು. ಒಂದು ಕೋಶ ಮಾತ್ರ ಬಹಳ ಹಿಂದೆ ಬಿದ್ದಿದ್ದರೆ ಮುಂದಿನ ಯಾವ ಪರೀಕ್ಷೆಯ ಫಲಿತಾಂಶವನ್ನೂ ನಂಬುವಂತಿಲ್ಲ.

ಬ್ಯಾಟರಿ ಸರಿಯಿದ್ದರೆ ಕಾಯಿಲಿನಿಂದ ಪಾಯಿಂಟಿಗೆ ಹೋಗುವ ವೈರಿನ ಟರ್ಮಿನಲ್ಲಿನಲ್ಲಿ ಮೀಟರ್ ಇಡುವುದು ಅತ್ಯಂತ ಫಲಕಾರಿ. ಇದು ಪ್ರಾಥಮಿಕ ಮಂಡಲದ ನಡುತಾಣ. ಇಲ್ಲಿ ನಿಂತರೆ ದೋಷ ಯಾವ ಅರ್ಧದಲ್ಲಿದೆ ಎಂಬುದು ಒಂದೇ ಅಳತೆಯಲ್ಲಿ ಗೊತ್ತಾಗುತ್ತದೆ. ಮೀಟರಿನ ಒಂದು ಕಡ್ಡಿ ಇಲ್ಲಿ, ಇನ್ನೊಂದು ಬ್ಯಾಟರಿಯ ಅರ್ತ್ ಧ್ರುವದ ಮೇಲೆಯೇ ಇರಬೇಕು, ಚಾಸಿಯ ಮೇಲಲ್ಲ. ಕೀಲಿ ಹಾಕಿ ಕಿಕ್ಕರನ್ನು ಕೈಯಿಂದ ನಿಧಾನವಾಗಿ ಒತ್ತಿದಾಗ ಪಾಯಿಂಟು ತೆರೆದಂತೆ ಬ್ಯಾಟರಿ ವೋಲ್ಟೇಜ್, ಮುಚ್ಚಿದಂತೆ 0.2 ವೋಲ್ಟಿಗಿಂತ ಕಡಿಮೆ ಬರಬೇಕು. ಮುಚ್ಚಿದಾಗ ಅರ್ಧ ವೋಲ್ಟೋ ಅದಕ್ಕಿಂತ ಹೆಚ್ಚೋ ಉಳಿದರೆ ಪಾಯಿಂಟಿನ ಮುಖ ಕೊಳೆಯಾಗಿದೆ, ಇಲ್ಲವೇ ಅರ್ತ್ ದಾರಿ ಕೆಟ್ಟಿದೆ. ಯಾವಾಗಲೂ ಬ್ಯಾಟರಿ ವೋಲ್ಟೇಜೇ ಬಂದರೆ ಪಾಯಿಂಟು ಕೂಡುತ್ತಿಲ್ಲ. ಯಾವಾಗಲೂ ಸೊನ್ನೆ ಬಂದರೆ ಕಾಯಿಲಿಗೆ ಬರುವ ವೈರನ್ನು ನೋಡಬೇಕು. ಅಲ್ಲಿ ವೋಲ್ಟೇಜ್ ಇದ್ದೂ ಇಲ್ಲಿ ಇಲ್ಲದಿದ್ದರೆ ಪ್ರಾಥಮಿಕ ಸುರುಳಿ ತುಂಡಾಗಿದೆ, ಅಥವಾ ಕಾಯಿಲಿನ ಆಚೆ ಎಲ್ಲೋ ಶಾರ್ಟ್ ಆಗಿದೆ. ಶಾರ್ಟ್ ಆಗಿರುವಲ್ಲಿ ಕಂಡೆನ್ಸರ್ ಕಳಚಿದೊಡನೆ ವೋಲ್ಟೇಜ್ ಮರಳಿದರೆ ತಪ್ಪು ಕಂಡೆನ್ಸರಿನದು. ಹೊಸ ಪಾಯಿಂಟು ಕೂರಿಸಿದ ಮೇಲೆ ಹುಟ್ಟಿದ ದೋಷವಾದರೆ, ಫೈಬರ್ ವಾಷರ್ ತಪ್ಪು ಕಡೆ ಸೇರಿ ಚಲಿಸುವ ತೋಳು ನೇರವಾಗಿ ಅರ್ತಿಗೆ ತಾಗಿರುವ ಸಂಭವ ಹೆಚ್ಚು.

ಪಾಯಿಂಟಿನ ಅಂತರ ಸುಮಾರು 0.4 ಮಿಲಿಮೀಟರ್. ಕ್ಯಾಮಿಗೆ ಉಜ್ಜುವ ಫೈಬರ್ ಹಿಮ್ಮಡಿ ಸವೆದಂತೆ ಅಂತರ ಕಿರಿದಾಗಿ, ಪಾಯಿಂಟು ತಡವಾಗಿ ತೆರೆದು ಟೈಮಿಂಗ್ ಹಿಂದೆ ಸರಿಯುತ್ತದೆ: ಎಂಜಿನ್ ಕಾಯುತ್ತದೆ, ಎಳೆತ ಕುಂದುತ್ತದೆ. ಹೀಗಾಗಿ ಮೊದಲು ಅಂತರ, ಆಮೇಲೆ ಟೈಮಿಂಗ್. ಈ ಕ್ರಮ ತಿರುಗುಮುರುಗಾದರೆ ಎರಡೂ ತಪ್ಪುತ್ತವೆ. ಕ್ರ್ಯಾಂಕಿನ ಆಯಿಲ್ ಸೀಲ್ ಸೋರಿ ಪಾಯಿಂಟಿಗೆ ಎಣ್ಣೆ ತಾಗಿದರೆ ಅದು ಸುಟ್ಟು ತೆಳುವಾದ ಕಪ್ಪು ಪೊರೆಯಾಗುತ್ತದೆ. ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದರೆ ಹೋಗುತ್ತದೆ. ಒಂದು ಮುಖದಲ್ಲಿ ಕುಳಿ, ಎದುರಿನದರಲ್ಲಿ ಗುಬ್ಬಿ ಎದ್ದಿದ್ದರೆ ಅಥವಾ ಪಾಯಿಂಟಿನ ನಡುವೆ ದೊಡ್ಡ ಕಿಡಿ ಹಾರುತ್ತಿದ್ದರೆ ಕಂಡೆನ್ಸರನ್ನು ಶಂಕಿಸಬೇಕು. ಅದು ಪಾಯಿಂಟು ತೆರೆದಾಗಿನ ಆವೇಶವನ್ನು ಹೀರಿಕೊಂಡು ಪ್ರಾಥಮಿಕ ಕರೆಂಟನ್ನು ಥಟ್ಟನೆ ಕಡಿಯುತ್ತದೆ. ಅದಿಲ್ಲದೆ ಕರೆಂಟ್ ನಿಧಾನವಾಗಿ ಸಾಯುವುದರಿಂದ ಪ್ಲಗ್ಗಿನ ಕಿಡಿ ಸಪ್ಪೆಯಾಗುತ್ತದೆ. ಉಪ್ಪುಕಾಗದದಿಂದ ಪಾಯಿಂಟು ಉಜ್ಜಿ ಕಂಡೆನ್ಸರನ್ನು ಹಾಗೇ ಬಿಡುವುದು ರೋಗ ಬಿಟ್ಟು ಗಾಯಕ್ಕೆ ಮದ್ದು ಹಚ್ಚಿದಂತೆ.

ಈ ಬೈಕುಗಳ ರಚನೆಯಲ್ಲೊಂದು ವಿಶೇಷವಿದೆ. ಡೈನಮೊದ ಆರ್ಮೇಚರ್ ಮತ್ತು ಪಾಯಿಂಟಿನ ಕ್ಯಾಮ್ ಎರಡೂ ಕ್ರ್ಯಾಂಕ್‌ಶಾಫ್ಟಿನ ತುದಿಯಲ್ಲೇ ಕೂತಿರುತ್ತವೆ; ಆಚೆ ಬದಿಯಲ್ಲಿ ಆಧಾರವಿಲ್ಲ. ಮೇನ್ ಬೇರಿಂಗ್ ಸವೆದು ಶಾಫ್ಟಿಗೆ ಆಟ ಬಂದರೆ ನಿಂತಾಗ ಅಳೆದ 0.4 ಮಿಲಿಮೀಟರ್ ಓಡುವಾಗ ನಿಲ್ಲದು. ಟೈಮಿಂಗ್ ಅಲುಗುತ್ತದೆ, ಹೆಚ್ಚು ವೇಗದಲ್ಲಿ ಮಿಸ್ಸಿಂಗ್ ಶುರುವಾಗುತ್ತದೆ. ಆಟ ಇನ್ನೂ ಹೆಚ್ಚಿದರೆ ಆರ್ಮೇಚರ್ ಫೀಲ್ಡ್ ಧ್ರುವಗಳಿಗೆ ಉಜ್ಜಿದ ಹೊಳಪಿನ ಗೆರೆಗಳು ಮೂಡುತ್ತವೆ. ಮೀಟರಿನಲ್ಲಿ ಎಷ್ಟು ಹುಡುಕಿದರೂ ಈ ದೋಷ ಸಿಗದು. ಡೈನಮೊ ಮುಚ್ಚಳ ತೆಗೆದು ಆರ್ಮೇಚರನ್ನು ಬೆರಳಲ್ಲಿ ಹಿಡಿದು ಮೇಲೆ ಕೆಳಗೆ ಅಲುಗಿಸಿದರೆ ಅರ್ಧ ನಿಮಿಷದಲ್ಲಿ ತಿಳಿಯುತ್ತದೆ.

ಹೈ ಟೆನ್ಷನ್ ಕಡೆಯ ಪರೀಕ್ಷೆಯಲ್ಲಿ ಒಂದು ಭ್ರಮೆ ವ್ಯಾಪಕವಾಗಿದೆ. ಪ್ಲಗ್ ಬಿಚ್ಚಿ ಸಿಲಿಂಡರ್ ಹೆಡ್ಡಿಗೆ ತಾಗಿಸಿ ಕಿಕ್ ಹೊಡೆದಾಗ ಕಿಡಿ ಕಂಡ ಮಾತ್ರಕ್ಕೆ ಇಗ್ನಿಷನ್ ಸರಿಯಿದೆ ಎನ್ನಲಾಗದು. ಒತ್ತಿದ ಗಾಳಿಯಲ್ಲಿ ಕಿಡಿ ಹಾರಲು ಬಯಲಿನಲ್ಲಿ ಬೇಕಾದದ್ದಕ್ಕಿಂತ ಬಹಳ ಹೆಚ್ಚು ವೋಲ್ಟೇಜ್ ಬೇಕು. ಆದ್ದರಿಂದ ಬಯಲಲ್ಲಿ 6 ಮಿಲಿಮೀಟರ್ ಅಂತರ ದಾಟುವ ನೀಲಿ ಕಿಡಿಯನ್ನು ಕಂಡರಷ್ಟೇ ನಂಬಬಹುದು. ಪೆಟ್ರೋಲ್ ಆವಿ ಇರುವ ಕಡೆ, ತೆರೆದ ಪ್ಲಗ್ ತೂತಿನ ಹತ್ತಿರ ಈ ಪರೀಕ್ಷೆ ಕೂಡದು. ಪೆಟ್ರೋಲಿಗೆ ಬೆರೆಸಿದ ಎಣ್ಣೆಯಿಂದ ಮಸಿ ಕಟ್ಟಿದ ಪ್ಲಗ್, ಒಳಗೆ ಸುಟ್ಟ ಪ್ಲಗ್ ಕ್ಯಾಪ್, ಬಿರುಕುಬಿಟ್ಟ ವೈರ್ ಇವುಗಳ ಪತ್ತೆಗೆ ಹೆಚ್ಚು ವಿವರಣೆ ಬೇಕಿಲ್ಲ. ಕತ್ತಲಲ್ಲಿ ಎಂಜಿನ್ ಓಡಿಸಿದರೆ ಸೋರುವ ಕಿಡಿ ತಾನೇ ಕಾಣುತ್ತದೆ.

ತಣ್ಣಗಿದ್ದಾಗ ಚೆನ್ನಾಗಿ ಓಡಿ, ಬಿಸಿಯಾದ ಮೇಲೆ ನಿಂತು, ಆರಿದ ಮೇಲೆ ಮತ್ತೆ ಹೊರಡುವ ಗಾಡಿಯಲ್ಲಿ ಕಾಯಿಲನ್ನು ದೂರುವುದು ವಾಡಿಕೆ. ತಾಮ್ರದ ರೋಧ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಶೇ 0.39ರಷ್ಟು ಏರುತ್ತದೆ. 60 ಡಿಗ್ರಿ ಬಿಸಿಯೇರಿದ ಸುರುಳಿಯ ರೋಧ ಸುಮಾರು ಶೇ 23 ಹೆಚ್ಚಿ, ಕಿಡಿಯ ಶಕ್ತಿ ಮೂರನೇ ಒಂದು ಭಾಗ ತಗ್ಗುತ್ತದೆ. ಇದು ಆರೋಗ್ಯವಾಗಿರುವ ಕಾಯಿಲಿನ ಸ್ಥಿತಿ. ಜೋಡಣೆಗಳಲ್ಲಿ 1 ವೋಲ್ಟ್ ಆಗಲೇ ಸೋರಿಹೋಗಿದ್ದರೆ ಉಳಿಯುವುದು ಮೂಲ ಶಕ್ತಿಯ ಅರ್ಧಕ್ಕಿಂತ ಕಡಿಮೆ. ಕಾಯಿಲ್ ಬದಲಿಸುವ ಮೊದಲು ಬಿಸಿಯಿದ್ದಾಗಲೇ ಅದರ ಟರ್ಮಿನಲ್ಲಿಗೆ ಎಷ್ಟು ವೋಲ್ಟ್ ತಲುಪುತ್ತಿದೆ ಎಂದು ಅಳೆಯಬೇಕಾದದ್ದು ಇದಕ್ಕಾಗಿ.

ಚಾರ್ಜಿಂಗ್ ದೋಷಗಳಿಗೆ ಹೆಡ್‌ಲ್ಯಾಂಪಿನ ಮೇಲಿನ ಕೆಂಪು ದೀಪವೇ ಮೊದಲ ಸಾಕ್ಷಿ. ಅದು ಬ್ಯಾಟರಿ ಮತ್ತು ಡೈನಮೊಗಳ ನಡುವೆ ಸೇರಿದ್ದು, ಆರ್ಮೇಚರಿನ ಮೂಲಕ ಅರ್ತ್ ಪಡೆಯುತ್ತದೆ. ಎಂಜಿನ್ ನಿಂತಿದ್ದು ಕೀಲಿ ಹಾಕಿದಾಗ ಉರಿಯಬೇಕು, ಎಂಜಿನ್ ವೇಗ ಏರಿದಾಗ ಆರಬೇಕು. ವೇಗ ಏರಿದರೂ ಆರದಿದ್ದರೆ ಡೈನಮೊ ವೋಲ್ಟೇಜ್ ಹುಟ್ಟಿಸುತ್ತಿಲ್ಲ, ಅಥವಾ ಡೈನಮೊವನ್ನು ಬ್ಯಾಟರಿಗೆ ಜೋಡಿಸುವ ಕಟೌಟ್ ಕೂಡುತ್ತಿಲ್ಲ. ಕೀಲಿ ಹಾಕಿದರೂ ಉರಿಯದಿದ್ದರೆ ಬಲ್ಬ್ ಹೋಗಿರಬಹುದು, ಕಾರ್ಬನ್ ಬ್ರಷ್ ಸವೆದು ಕಾಮ್ಯುಟೇಟರ್ ಬಿಟ್ಟಿರಬಹುದು. ಕಟೌಟಿನ ಸಂಪರ್ಕಗಳು ಬೆಸೆದುಕೊಂಡಿದ್ದರೂ ಹೀಗೇ ಆಗುತ್ತದೆ. ಈ ಕೊನೆಯದು ಅಪಾಯಕಾರಿ: ಬ್ಯಾಟರಿಯ ಕರೆಂಟ್ ಡೈನಮೊದೊಳಗೆ ಹಿಮ್ಮುಖವಾಗಿ ಹರಿದು ಸುರುಳಿಗಳನ್ನು ಸುಡಬಹುದು. ಕೂಡಲೇ ಬ್ಯಾಟರಿ ವೈರ್ ಕಳಚಬೇಕು.

ಪಾಯಿಂಟುಗಳ ಬದಲು ಸಿಡಿಐ (ಕೆಪಾಸಿಟರ್ ಡಿಸ್‌ಚಾರ್ಜ್ ಇಗ್ನಿಷನ್) ಬಂದ ಬೈಕುಗಳಲ್ಲಿ ಅಂತರ, ಸವೆತದ ಮಾತಿಲ್ಲ. ಮ್ಯಾಗ್ನೆಟೊದ ಸೋರ್ಸ್ ಕಾಯಿಲಿನಿಂದ ನಡೆಯುವ ಸಿಡಿಐಗೆ ಬ್ಯಾಟರಿ ಸತ್ತರೂ ಕಿಡಿ ಬರುತ್ತದೆ. ಕಿಡಿ ಇಲ್ಲದಿದ್ದರೆ ಮೊದಲು ಕಿಲ್ ಸ್ವಿಚ್ಚಿನ ವೈರನ್ನು ಕಳಚಿ ನೋಡಬೇಕು, ಏಕೆಂದರೆ ಅದು ಅರ್ತಿಗೆ ತಾಗಿದರೆ ಇಡೀ ವ್ಯವಸ್ಥೆ ಮೌನವಾಗುತ್ತದೆ. ಆಮೇಲೆ ಸೋರ್ಸ್ ಮತ್ತು ಪಿಕಪ್ ಕಾಯಿಲುಗಳ ರೋಧವನ್ನು ತಣ್ಣಗಿದ್ದಾಗ ಒಮ್ಮೆ, ಬಿಸಿಯಾದ ಮೇಲೆ ಒಮ್ಮೆ ಅಳೆದು, ತಯಾರಕರು ಕೊಟ್ಟ ಅಂಕಿಗೆ ಹೋಲಿಸಬೇಕು. ಸಿಡಿಐ ಪೆಟ್ಟಿಗೆಯನ್ನು ಮೀಟರಿನಿಂದ ನೇರವಾಗಿ ಪರೀಕ್ಷಿಸಿ ತೀರ್ಪು ಕೊಡುವುದು ಕಷ್ಟ; ಸುತ್ತಲಿನ ಎಲ್ಲವೂ ಸರಿಯಿದೆ ಎಂದು ಖಚಿತವಾದ ಮೇಲಷ್ಟೇ ಸರಿಯಿರುವ ಇನ್ನೊಂದು ಪೆಟ್ಟಿಗೆ ಜೋಡಿಸಿ ನೋಡುವುದು ಕ್ರಮ.