ಒಂದೇ ಮನೆಯ ಎರಡು ತಲೆಮಾರು

ಹೋದ ದೀಪಾವಳಿಗೆ ಮಗಳು, ಮಗ ಇಬ್ಬರೂ ಮುಲುಂಡಿನ ನಮ್ಮ ಮನೆಗೆ ಬಂದಿದ್ದರು. ಅಟ್ಟ ಸ್ವಚ್ಛ ಮಾಡುವಾಗ ಟ್ರಂಕಿನಲ್ಲಿ ನಮ್ಮವ್ವನ ಹಳೇ ಪತ್ರಗಳು ಸಿಕ್ಕವು. ಮಗಳು ತಡವರಿಸುತ್ತ ಓದತೊಡಗಿದಳು. ಮಗ ಅವಳ ಮುಖ ನೋಡುತ್ತ, "ಅಜ್ಜಿ ಏನಂತಾಳೆ?" ಎಂದು ಕೇಳಿದ. ಅವನಿಗೆ ಕನ್ನಡ ಅಕ್ಷರ ಬರುವುದಿಲ್ಲ. ಮಾತೂ ಅಷ್ಟಕ್ಕಷ್ಟೆ.

ಮಗಳು ಹುಟ್ಟಿದ್ದು 1982ರಲ್ಲಿ, ಮಗ 1989ರಲ್ಲಿ. ಅಮೆರಿಕದ ಸಂಶೋಧಕರು 1981ರಿಂದ 1996ರೊಳಗೆ ಹುಟ್ಟಿದವರನ್ನೆಲ್ಲ 'ಮಿಲೆನಿಯಲ್' ಎಂದು ಒಂದೇ ಖಾತೆಗೆ ಜಮಾ ಮಾಡಿದ್ದಾರೆ. ಬ್ಯಾಂಕಿನಲ್ಲಿ ಮೂವತ್ತೇಳು ವರ್ಷ ಲೆಕ್ಕ ತಾಳೆ ನೋಡಿದ ನನಗೆ ಈ ಲೆಕ್ಕ ಮಾತ್ರ ತಾಳೆಯಾಗುವುದಿಲ್ಲ. ನಮ್ಮ ಮನೆಯಲ್ಲಿ ಈ ಏಳು ವರ್ಷದ ನಡುವೆಯೇ ಒಂದು ಗಡಿ ಇದೆ.

ನನ್ನ ತಲೆಮಾರಿನದು ರೇಡಿಯೋ. ನಾನು ಗದಗಿನ ಕಡೆಯವ, ಹುಟ್ಟಿದ್ದು 1957ರಲ್ಲಿ. 'ವಿವಿಧ ಭಾರತಿ' ಹುಟ್ಟಿದ್ದೂ ಅದೇ ವರ್ಷ. ನಮ್ಮ ಓಣಿಗೆಲ್ಲ ಇದ್ದದ್ದು ಒಂದೇ ರೇಡಿಯೋ. ಅದಕ್ಕೆ ಪೋಸ್ಟ್ ಆಫೀಸಿನಲ್ಲಿ ಲೈಸೆನ್ಸ್ ಫೀ ಕಟ್ಟಬೇಕಿತ್ತು. 1985ರಲ್ಲಿ ಆ ಲೈಸೆನ್ಸ್ ರದ್ದಾಯಿತು. ಸಂಜೆ ಧಾರವಾಡ ಆಕಾಶವಾಣಿ ನಮ್ಮದೇ ಮಾತಿನಲ್ಲಿ ಮಾತಾಡುತ್ತಿತ್ತು. ಬುಧವಾರ ರಾತ್ರಿ ಎಂಟಕ್ಕೆ ರೇಡಿಯೋ ಸಿಲೋನಿನ 'ಬಿನಾಕಾ ಗೀತಮಾಲಾ'. 1952ರಲ್ಲಿ ಆಕಾಶವಾಣಿ ಸಿನಿಮಾ ಹಾಡುಗಳಿಗೆ ಕಡಿವಾಣ ಹಾಕಿದ್ದರಿಂದ ಆ ಕಾರ್ಯಕ್ರಮಕ್ಕೆ ಅಷ್ಟು ಕಿವಿಗಳು ಸಿಕ್ಕವು. ಅಮೀನ್ ಸಯಾನಿ ಅದನ್ನು ಮುಂಬಯಿಯಲ್ಲೇ ರೆಕಾರ್ಡ್ ಮಾಡಿ ಟೇಪನ್ನು ಕೊಲಂಬೋಗೆ ಕಳಿಸುತ್ತಿದ್ದರಂತೆ. ಇದು ಗೊತ್ತಾದದ್ದು ನಾನು ಈ ಊರಿಗೆ ಬಂದ ಮೇಲೆ. ಹಿಂದಿ ನಮಗೆ ವಾರಕ್ಕೊಮ್ಮೆ ಬರುವ ಅತಿಥಿ; ಮನೆಯ ಯಜಮಾನಿಕೆ ಕನ್ನಡದ್ದೇ.

1984ರಲ್ಲಿ ನನಗೆ ಮುಂಬಯಿಗೆ ವರ್ಗವಾಯಿತು. ಇಲ್ಲಿ ದೂರದರ್ಶನ 1972ರಿಂದಲೇ ಇತ್ತು. ನಾವೂ ಒಂದು ಟಿವಿ ಕೊಂಡೆವು. ಊರಲ್ಲಿರುವ ನಿಮಗೆ ಬೆಂಗಳೂರು ಕೇಂದ್ರದಿಂದ ಕನ್ನಡ ಬರುತ್ತಿದ್ದರೆ ನಮಗೆ ಬಂದದ್ದು ಹಿಂದಿ, ಮರಾಠಿ. ಆಗುಂಬೆಯಲ್ಲಿ ಶಂಕರನಾಗ್ ಚಿತ್ರಿಸಿದ 'ಮಾಲ್ಗುಡಿ ಡೇಸ್' ಕೂಡ ನಮ್ಮ ಮನೆಗೆ ಬಂದದ್ದು ಹಿಂದಿಯಲ್ಲೇ.

1987ರ ಜನವರಿಯಲ್ಲಿ ರಮಾನಂದ ಸಾಗರರ 'ರಾಮಾಯಣ' ಶುರುವಾಯಿತು. ಅದೇ ವರ್ಷ ಅವ್ವ ನಮ್ಮ ಜೊತೆ ಇರಲು ಬಂದಳು. ರವಿವಾರ ಒಂಬತ್ತೂವರೆಗೆ ಸ್ನಾನ ಮಾಡಿ, ಕೈಮುಗಿದು ಟಿವಿ ಮುಂದೆ ಕೂರುವಳು. ಕಥೆ ಬಾಯಿಪಾಠ, ಹಿಂದಿ ಮಾತ್ರ ಒಂದಕ್ಷರ ತಿಳಿಯದು. "ಏನಂತಾನ ಅವ?" ಎಂದು ಐದು ವರ್ಷದ ಮಗಳನ್ನು ಕೇಳುವಳು. ಮಗಳು ಮುರುಕು ಕನ್ನಡದಲ್ಲಿ ಹೇಳುವಳು. ಅವ್ವ ತಿದ್ದುವಳು, ತಿದ್ದುತ್ತ ತನ್ನ ಕಥೆ ಸೇರಿಸುವಳು. 1988ರ ಜುಲೈಯಲ್ಲಿ ಧಾರಾವಾಹಿ ಮುಗಿಯುವಷ್ಟರಲ್ಲಿ ಮಗಳ ಕನ್ನಡ ಗಟ್ಟಿಯಾಗಿತ್ತು. ಮಧ್ಯಾಹ್ನ ಪಾಟಿಯ ಮೇಲೆ ಅಕ್ಷರವನ್ನೂ ಅವ್ವ ಕಲಿಸಿದ್ದಳು.

ಮಗ ಹುಟ್ಟಿದ ಮೇಲೆ ಅವ್ವ ಎರಡೇ ವರ್ಷ ಇದ್ದದ್ದು. 1991ರ ನಂತರ ಕೇಬಲ್ ಬಂತು, 1992ರಲ್ಲಿ ಝೀ, 1995ರಲ್ಲಿ ಕಾರ್ಟೂನ್ ನೆಟ್‌ವರ್ಕ್. 1994ರಲ್ಲಿ ಉದಯ ಟಿವಿಯೂ ಹುಟ್ಟಿತ್ತು, ಆದರೆ ನಮ್ಮ ಕೇಬಲಿನ ಹುಡುಗ "ಈ ಬಿಲ್ಡಿಂಗಿನಾಗ ಯಾರು ನೋಡ್ತಾರ, ಸಾಹೇಬ್?" ಎಂಬರ್ಥದಲ್ಲಿ ಮರಾಠಿಯಲ್ಲಿ ನಕ್ಕುಬಿಟ್ಟ. ನಾನೂ ಮತ್ತೆ ಕೇಳಲಿಲ್ಲ.

ಟಿವಿಯನ್ನು ಬೈಯುವುದು ಸುಲಭ. ಆದರೆ ಜಮಾಖರ್ಚು ಸರಿಯಾಗಿ ಬರೆಯಬೇಕಲ್ಲ? ಮಗಳು ನೋಡಿದ ಟಿವಿಯೂ ಹಿಂದಿಯದೇ. ಅಲ್ಲಿ ಕನ್ನಡ ಬೆಳೆದದ್ದು ಪೆಟ್ಟಿಗೆಯಿಂದಲ್ಲ, ಒಂದೇ ಪೆಟ್ಟಿಗೆಯ ಮುಂದೆ ಹಿಂದಿ ಬಾರದ ಅಜ್ಜಿ ಕುಳಿತಿದ್ದರಿಂದ. ಮಗನ ಪಾಲಿಗೆ ಹಾಗೆ ಕೇಳುವವರು ಯಾರೂ ಇರಲಿಲ್ಲ. ಅಷ್ಟೇ ಅಲ್ಲ, ವೇತನ ಪರಿಷ್ಕರಣೆಯ ಬಾಕಿ ಬಂದಾಗ ಎರಡನೇ ಟಿವಿ ತಂದು ಒಳಗಿನ ಕೋಣೆಯಲ್ಲಿಟ್ಟವನು ನಾನೇ. ಬ್ಯಾಂಕಿನಿಂದ ದಣಿದು ಬಂದು ಪೇಪರ್ ಓದಲು ಶಾಂತಿ ಬೇಕಿತ್ತು. ಶಾಂತಿ ಸಿಕ್ಕಿತು. ಅದರ ಬೆಲೆ ಈಗ ತಿಳಿಯುತ್ತಿದೆ.

ಹೊರನಾಡಿನಲ್ಲಿ ತಲೆಮಾರಿನ ಗಡಿ ಹುಟ್ಟಿದ ಇಸವಿಯಲ್ಲಿ ಇಲ್ಲ ಅಂತ ನನಗನ್ನಿಸುವುದು ಇದಕ್ಕೇ. ಮನೆಮಂದಿ ಒಟ್ಟಿಗೆ ಕೂತು ನೋಡುವುದು ಎಂದು ನಿಂತಿತೋ, ಅಲ್ಲಿದೆ ಗಡಿ. ಈಗಂತೂ ಮೊಮ್ಮಗಳಿಗೆ ಫೋನಿನಲ್ಲಿ ಬೇಕಾದಷ್ಟು ಕನ್ನಡ ಸಿಗುತ್ತದೆ, ನಮಗೆ ಸಿಗದಿದ್ದಷ್ಟು. ಆದರೆ ಅವಳು ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಒಬ್ಬಳೇ ನೋಡುತ್ತಾಳೆ.

ಮಗ ಹೋಗುವಾಗ, "ಪಪ್ಪಾ, ಪತ್ರಗಳನ್ನು ಓದಿ ರೆಕಾರ್ಡ್ ಮಾಡಿ ಕಳಿಸಿ, ಲೋಕಲ್‌ನಲ್ಲಿ ಕೇಳ್ತೀನಿ" ಎಂದ. ಒಟ್ಟು ನಲವತ್ತೊಂದು ಪತ್ರ ಇವೆ. ಇಲ್ಲಿಯವರೆಗೆ ಒಂಬತ್ತು ಕಳಿಸಿದ್ದೇನೆ. ಕೆಲವು ಶಬ್ದಗಳ ಅರ್ಥ ಕೇಳಲು ಅವನು ಈಗ ರಾತ್ರಿ ಫೋನ್ ಮಾಡುತ್ತಾನೆ.