ಮೊಳೆ ಇಲ್ಲ, ಗೋಂದು ಇಲ್ಲ, ಆದರೂ ಬಿಗಿ!

ಬೆಂಗಳೂರಿನಲ್ಲಿ ಹೊಸದಾಗಿ ಫ್ಲ್ಯಾಟ್ ತಗೊಂಡವರ ಮನೆಗೆ ಹೋಗಿ ನೋಡಿ. ಬಾಗಿಲಲ್ಲೇ ಹೇಳ್ತಾರೆ: ‘ಬೆಡ್‌ರೂಮಿಗೆ ಮರದ ಫ್ಲೋರಿಂಗ್ ಹಾಕ್ಸಿದ್ದೀವಿ ಸಾರ್. ಒಂದು ಮೊಳೆ ಹೊಡೆದಿಲ್ಲ, ಗೋಂದು ಹಾಕಿಲ್ಲ. ಒಂದೇ ದಿನದಲ್ಲಿ ಕೆಲಸ ಮುಗೀತು!’ ನಿಜವೇ. ಹಲಗೆಯ ಒಂದು ಅಂಚು ನಾಲಿಗೆಯಂತೆ ಮುಂದಕ್ಕೆ ಚಾಚಿರುತ್ತದೆ. ಪಕ್ಕದ ಹಲಗೆಯ ಅಂಚಿನಲ್ಲಿ ಅದಕ್ಕೆ ತಕ್ಕ ಸೀಳು ಇರುತ್ತದೆ. ಓರೆಯಾಗಿ ಹಿಡಿದು ತೂರಿಸಿ ಕೆಳಕ್ಕೆ ಒತ್ತಿದರೆ ‘ಟಕ್’ ಅಂತ ಕೂತುಬಿಡುತ್ತದೆ. 1990ರ ದಶಕದಲ್ಲಿ ಸ್ವೀಡನ್ ಮತ್ತು ಬೆಲ್ಜಿಯಂ ಕಂಪನಿಗಳು ಇದನ್ನು ಮಾರುಕಟ್ಟೆಗೆ ತಂದವು. ಇದು ನಮ್ಮದು, ತಮ್ಮದು ಅಂತ ಪೇಟೆಂಟ್‌ಗಾಗಿ ಕೋರ್ಟಿನಲ್ಲಿ ಕಾದಾಡಿದವು ಕೂಡ.

ಆದರೆ ಮೊಳೆ, ಅಂಟು ಇಲ್ಲದೆ ಜೋಡಿಸುವ ಬುದ್ಧಿಗೆ ಪೇಟೆಂಟ್ ಕೊಡಬೇಕಾದರೆ ಮೊದಲ ಅರ್ಜಿ ಯಾರದ್ದಾಗಬೇಕಿತ್ತು ಗೊತ್ತಾ? ನಮ್ಮ ಚಿತ್ರದುರ್ಗ ಜಿಲ್ಲೆಯವರೂ ಸಾಲಿನಲ್ಲಿ ನಿಲ್ಲಬಹುದಿತ್ತು!

ಚಳ್ಳಕೆರೆಯಿಂದಲೇ ಶುರು ಮಾಡೋಣ. ಇದು ಶೇಂಗಾ ಸೀಮೆ, ಎಣ್ಣೆ ಮಿಲ್ಲುಗಳ ಊರು. ಲಾರಿ, ಟ್ರ್ಯಾಕ್ಟರ್ ಬರುವ ಮೊದಲು ಶೇಂಗಾ ಮೂಟೆಗಳು ಪೇಟೆಗೆ ಬರುತ್ತಿದ್ದದ್ದು ಎತ್ತಿನ ಗಾಡಿಯಲ್ಲಿ. ಆ ಗಾಡಿಯ ಮರದ ಚಕ್ರವನ್ನು ಹಳೆಯ ಬಡಗಿ ಹೇಗೆ ಜೋಡಿಸುತ್ತಿದ್ದ? ನಡುವೆ ಗುಂಬ. ಅದರಲ್ಲಿ ತೂತು ಕೊರೆದು ಕಡ್ಡಿಗಳನ್ನು ಬಿಗಿಯಾಗಿ ಕೂರಿಸುವುದು. ಕಡ್ಡಿಗಳ ಇನ್ನೊಂದು ತುದಿಗೆ ಬಾಗಿದ ಮರದ ತುಂಡುಗಳನ್ನು ತೊಡಿಸುವುದು. ಕೊನೆಗೆ ಕಬ್ಬಿಣದ ಪಟ್ಟಿಯನ್ನು ಕೆಂಪಗೆ ಕಾಯಿಸಿ ಸುತ್ತ ತೊಡಿಸಿ ನೀರು ಸುರಿಯುವುದು. ಕಬ್ಬಿಣ ತಣ್ಣಗಾಗುತ್ತಾ ಕುಗ್ಗುತ್ತದೆ, ಇಡೀ ಚಕ್ರವನ್ನು ಮುಷ್ಟಿಯಲ್ಲಿ ಹಿಡಿದಂತೆ ಬಿಗಿಯುತ್ತದೆ. ಭಾರ ಹೇರಿದ ಗಾಡಿ ಕಲ್ಲುದಾರಿಯಲ್ಲಿ ಧಡಧಡ ಅಂತ ಹೋದರೂ ಚಕ್ರ ಕಳಚುವುದಿಲ್ಲ. ಅಂಟಿಸಿದ್ದಲ್ಲ ಸ್ವಾಮಿ, ಹೊಂದಿಸಿದ್ದು.

ಮರ ಗೆದ್ದಲು ತಿಂದು ಹೋಗುತ್ತದೆ, ಕಲ್ಲು ಹೋಗುವುದಿಲ್ಲ. ಅದಕ್ಕೇ ಈ ವಿದ್ಯೆಯ ಹಳೆಯ ಸಾಕ್ಷಿ ಬೇಕಾದರೆ ಚಳ್ಳಕೆರೆಯಿಂದ ತಳಕು ದಾಟಿ ಮೊಳಕಾಲ್ಮೂರಿನ ಕಡೆ ಹೋಗಬೇಕು. ಮೊಳಕಾಲ್ಮೂರು ಅಂದ ತಕ್ಷಣ ನಿಮಗೆ ರೇಷ್ಮೆ ಸೀರೆ ನೆನಪಾಗುತ್ತದೆ. ಓದಿದವರಿಗೆ ಅಶೋಕ ನೆನಪಾಗುತ್ತಾನೆ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಈ ಮೂರು ಕಡೆಯ ಅಶೋಕನ ಶಾಸನಗಳನ್ನು 1892ರಲ್ಲಿ ಬಿ.ಎಲ್. ರೈಸ್ ಪತ್ತೆ ಮಾಡಿದರು. ಸುವರ್ಣಗಿರಿಯಿಂದ ಇಸಿಲದ ಅಧಿಕಾರಿಗಳಿಗೆ ಬಂದ ಆಜ್ಞೆ ಅದು. ತಂದೆ ತಾಯಿಯ ಮಾತು ಕೇಳಿ, ಪ್ರಾಣಿಗಳ ಮೇಲೆ ದಯೆ ಇಡಿ, ಸತ್ಯ ಹೇಳಿ, ಗುರುವನ್ನು ಗೌರವಿಸಿ ಎಂಬ ಮಾತುಗಳು ಅದರಲ್ಲಿವೆ. ಬರೆದವನ ಹೆಸರೂ ಇದೆ: ಚಪಡ.

ಚಪಡನ ಹೆಸರು ನಮಗೆ ಗೊತ್ತು. ಆದರೆ ಅದೇ ಬ್ರಹ್ಮಗಿರಿಯ ತಪ್ಪಲಲ್ಲಿ, ಒಂದು ಅಕ್ಷರವನ್ನೂ ಬರೆಯದೆ ಕಲ್ಲಿನಲ್ಲೇ ಮಾತಾಡಿ ಹೋದ ಜನರಿದ್ದರು. ನಾನು ಇವತ್ತು ಹೇಳಬೇಕಾಗಿರುವುದು ಅವರ ಬಗ್ಗೆ.

ಮೈಸೂರು ಪುರಾತತ್ವ ಇಲಾಖೆಯ ಎಂ.ಎಚ್. ಕೃಷ್ಣ ಅವರು ಇಲ್ಲಿ ಮೊದಲೇ ಉತ್ಖನನ ನಡೆಸಿದ್ದರು. ಆಮೇಲೆ 1947ರಲ್ಲಿ, ದೇಶ ಸ್ವಾತಂತ್ರ್ಯದ ಹೊಸ್ತಿಲಲ್ಲಿದ್ದ ವರ್ಷ, ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಮಹಾನಿರ್ದೇಶಕ ಮಾರ್ಟಿಮರ್ ವೀಲರ್ ಬ್ರಹ್ಮಗಿರಿಗೆ ಬಂದರು. ಮಣ್ಣು ಸರಿಸಿದಾಗ ಸಿಕ್ಕಿದ್ದೇನು? ಬೃಹತ್ ಶಿಲಾಯುಗದ ಗೋರಿಗಳು. ಕಣಶಿಲೆಯ ದೊಡ್ಡ ದೊಡ್ಡ ಚಪ್ಪಡಿಗಳಿಂದ ಮಾಡಿದ ಪೆಟ್ಟಿಗೆಗಳು. ಗಾರೆ ಇಲ್ಲ, ಸುಣ್ಣ ಇಲ್ಲ, ಕಬ್ಬಿಣದ ಹಿಡಿಕೆ ಇಲ್ಲ.

ಹೇಗೆ ನಿಂತಿದ್ದವು? ಮನೆಯಲ್ಲೇ ಮಾಡಿ ನೋಡಿ. ನಾಲ್ಕು ದಪ್ಪ ಪುಸ್ತಕಗಳನ್ನು ಚೌಕಾಕಾರದಲ್ಲಿ ನಿಲ್ಲಿಸಿ. ಮೂಲೆಗೆ ಮೂಲೆ ತಾಗಿಸಿದರೆ ಒಂದು ಸಣ್ಣ ತಳ್ಳಿಗೆ ಒಳಕ್ಕೆ ಬೀಳುತ್ತವೆ. ಈಗ ಸ್ವಲ್ಪ ಬದಲಿಸಿ. ಪ್ರತಿ ಪುಸ್ತಕದ ಒಂದು ತುದಿ ಪಕ್ಕದ ಪುಸ್ತಕದ ಮೈಗೆ ಒತ್ತಿಕೊಳ್ಳಲಿ, ಇನ್ನೊಂದು ತುದಿ ಮೂಲೆಯಿಂದ ಆಚೆಗೆ ಚಾಚಿಕೊಳ್ಳಲಿ. ಮೇಲಿನಿಂದ ನೋಡಿದರೆ ಸ್ವಸ್ತಿಕದ ಆಕಾರ ಕಾಣುತ್ತದೆ. ಈಗ ಒಂದಕ್ಕೊಂದು ಆಸರೆ. ಬ್ರಹ್ಮಗಿರಿಯ ಜನ ಮಾಡಿದ್ದೂ ಇದನ್ನೇ. ತಳಕ್ಕೆ ಒಂದು ಹಾಸುಗಲ್ಲು, ಸುತ್ತ ಸ್ವಸ್ತಿಕದಂತೆ ನಾಲ್ಕು ಚಪ್ಪಡಿ, ಮೇಲೆ ಒಂದು ಮುಚ್ಚುಗಲ್ಲು. ಹೊರಗೆ ಮಣ್ಣು, ಕಲ್ಲು ತುಂಬಿ, ಅದರಾಚೆ ಬಂಡೆಗಳ ವೃತ್ತ. ಚಪ್ಪಡಿಯನ್ನು ಒಳಕ್ಕೆ ತಳ್ಳುವ ಮಣ್ಣೇ ಅದರ ಚಾಚಿದ ತುದಿಯನ್ನೂ ಅಲ್ಲಾಡದಂತೆ ಹಿಡಿದುಕೊಳ್ಳುತ್ತದೆ. ಬೀಳಿಸಬೇಕಾದ ಭಾರವನ್ನೇ ಕಾವಲಿಗೆ ಹಾಕಿಕೊಂಡ ಬುದ್ಧಿ ಇದು!

ಪೂರ್ವದ ಚಪ್ಪಡಿಯಲ್ಲಿ ಒಂದು ದುಂಡು ಕಿಂಡಿ ಕೊರೆದಿರುತ್ತಿದ್ದರು. ಒಳಗೆ ಸಿಕ್ಕಿದ್ದು ಒಬ್ಬರ ಇಡೀ ದೇಹವಲ್ಲ, ಒಬ್ಬರಿಗಿಂತ ಹೆಚ್ಚು ಜನರ ಆಯ್ದು ತಂದ ಮೂಳೆಗಳು. ಜೊತೆಗೆ ಕಪ್ಪು ಮತ್ತು ಕೆಂಪು ಬಣ್ಣದ ಮಡಕೆಗಳು, ಕಬ್ಬಿಣದ ಆಯುಧಗಳು, ಉಪಕರಣಗಳು.

ಇಲ್ಲಿ ಒಂದು ಕ್ಷಣ ನಿಲ್ಲಿ. ಕಬ್ಬಿಣ! ಈ ಜನರಿಗೆ ಕಬ್ಬಿಣ ಕಾಯಿಸಿ ಬಡಿಯುವುದು ಗೊತ್ತಿತ್ತು. ಹಾಗಿರುವಾಗ ಗೋರಿಯ ಕಲ್ಲುಗಳನ್ನು ಕಬ್ಬಿಣದಿಂದ ಕಟ್ಟಲಿಲ್ಲ ಅಂದರೆ ಅದು ಅಜ್ಞಾನ ಅಲ್ಲ. ಕಬ್ಬಿಣ ತುಕ್ಕು ಹಿಡಿಯುತ್ತದೆ, ಕಲ್ಲಿಗೆ ಕಲ್ಲೇ ಕೊಟ್ಟ ಆಸರೆಗೆ ತುಕ್ಕು ಹಿಡಿಯುವುದಿಲ್ಲ. ಅವರು ಹಾಗೇ ಯೋಚಿಸಿದ್ದರೋ ಇಲ್ಲವೋ, ಫಲಿತಾಂಶವಂತೂ ನಮ್ಮ ಕಣ್ಣ ಮುಂದಿದೆ.

ಎಷ್ಟು ಹಳೆಯದು ಇದು? ವೀಲರ್ 1945ರಲ್ಲಿ ಪುದುಚೇರಿ ಬಳಿಯ ಅರಿಕಮೇಡಿನಲ್ಲಿ ರೋಮನ್ ವ್ಯಾಪಾರದ ಕಾಲದ ಮಡಕೆಗಳನ್ನು ಗುರುತಿಸಿದ್ದರು. ಅದೇ ಕಾಲದ ಮಡಕೆ ಚೂರುಗಳು ಬ್ರಹ್ಮಗಿರಿಯ ಮೇಲಿನ ಪದರದಲ್ಲೂ ಸಿಕ್ಕವು. ಅದನ್ನು ಹಿಡಿದು, ಕೆಳಗಿನ ಈ ಬೃಹತ್ ಶಿಲಾ ಸಂಸ್ಕೃತಿ ಕ್ರಿ.ಪೂ. 200ರ ಸುಮಾರಿಗೆ ಶುರುವಾಗಿರಬೇಕು ಎಂದರು. ಆಮೇಲೆ ಹಾವೇರಿ ಜಿಲ್ಲೆಯ ಹಳ್ಳೂರಿನಲ್ಲಿ ನಡೆದ ಉತ್ಖನನ ಕರ್ನಾಟಕದ ಕಬ್ಬಿಣ ಯುಗವನ್ನು ಕ್ರಿ.ಪೂ. 1000ದ ಆಸುಪಾಸಿಗೆ ಹಿಂದಕ್ಕೆ ತಳ್ಳಿತು. ವೀಲರ್ ಕೊಟ್ಟ ಕಡಿಮೆ ಲೆಕ್ಕವನ್ನೇ ಹಿಡಿದರೂ ಈ ಜೋಡಣೆಗೆ ಸುಮಾರು 2000 ವರ್ಷ. ನಿಮ್ಮ ಫ್ಲೋರಿಂಗ್‌ಗೆ ಎಷ್ಟು ವರ್ಷದ ಗ್ಯಾರಂಟಿ ಕೊಟ್ಟಿದ್ದಾರೆ, ಕಾರ್ಡ್ ತೆಗೆದು ನೋಡಿ!

ಈಗ ನನಗೆ ಕೋಪ ಬರುವ ವಿಷಯಕ್ಕೆ ಬರ್ತೀನಿ. ಅಕ್ಷರ ಇರುವ ಕಲ್ಲಿಗೆ ನಾವು ಬೇಲಿ ಹಾಕುತ್ತೇವೆ, ಬೋರ್ಡ್ ಹಾಕುತ್ತೇವೆ, ಪಠ್ಯಪುಸ್ತಕದಲ್ಲಿ ಪಾಠ ಇಡುತ್ತೇವೆ. ಅಕ್ಷರ ಇಲ್ಲದ ಕಲ್ಲಿಗೆ? ರಾಜ್ಯದ ಎಷ್ಟೋ ಕಡೆ ಇಂಥ ಗೋರಿಗಳು ಯಾರದೋ ಹೊಲದ ನಡುವೆ, ಗೋಮಾಳದಲ್ಲಿ, ಕ್ವಾರಿಯ ಪಕ್ಕದಲ್ಲಿ ಅನಾಥವಾಗಿ ಬಿದ್ದಿವೆ. ಉಳುಮೆಗೆ ಅಡ್ಡ ಅಂತ ಕಿತ್ತವರುಂಟು, ಚಪ್ಪಡಿ ಚೆನ್ನಾಗಿದೆ ಅಂತ ಹೊತ್ತವರುಂಟು. ಇನ್ನು ನಿಧಿಗಳ್ಳರು! ರಾತ್ರಿ ನಿಂಬೆಹಣ್ಣು, ಕುಂಕುಮ ಹಿಡಿದು ಹೋಗಿ ಅಗೆಯುತ್ತಾರೆ. ಅಯ್ಯಾ, ಅಲ್ಲಿರುವುದು ಮೂಳೆ, ಮಡಕೆ, ತುಕ್ಕು ಹಿಡಿದ ಕಬ್ಬಿಣ. ನಿನಗೆ ಚಿನ್ನ ಸಿಗಲ್ಲ, ನಮಗೆ ಚರಿತ್ರೆ ಉಳಿಯಲ್ಲ.

ಗಾರೆ ಹಾಕಿದ ಗೋಡೆಯಿಂದ ಒಂದು ಕಲ್ಲು ಕಿತ್ತರೆ ಗೋಡೆ ನಿಂತೀತು. ಆದರೆ ಒಂದಕ್ಕೊಂದು ಆಸರೆಯಾಗಿ ನಿಂತ ನಾಲ್ಕರಲ್ಲಿ ಒಂದನ್ನು ಎಳೆದರೆ? ಉಳಿದ ಮೂರಕ್ಕೂ ಆಧಾರ ಹೋಯಿತು. 2000 ವರ್ಷದ ಲೆಕ್ಕಾಚಾರ ಒಂದು ಹಾರೆಯ ಮೀಟಿಗೆ ಮುಗಿಯಿತು. ಆಮೇಲೆ ಅದು ಗೋರಿಯಲ್ಲ, ಕಲ್ಲಿನ ರಾಶಿ.

ಕಾನೂನು ಇಲ್ಲವೇ? ಇದೆ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆ ಇದೆ. 2010ರ ತಿದ್ದುಪಡಿ ಪ್ರಕಾರ ಸಂರಕ್ಷಿತ ಸ್ಮಾರಕವನ್ನು ಹಾಳು ಮಾಡಿದರೆ 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ. ಆದರೆ ‘ಸಂರಕ್ಷಿತ’ ಅನ್ನುವ ಪಟ್ಟಿಗೆ ಸೇರಬೇಕಲ್ಲ! ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ ಗುಡ್ಡದ ಇಂಥದೇ ಶಿಲಾಗೋರಿಗಳು 2021ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿ ಸೇರಿದವು. ಸಂತೋಷ. ಉಳಿದ ಊರುಗಳ ಗೋರಿಗಳನ್ನು ಎಣಿಸಿ, ನಕ್ಷೆ ಮಾಡಿ, ಸರ್ವೆ ನಂಬರ್ ಸಮೇತ ದಾಖಲಿಸುವವರು ಯಾರು?

ಚಳ್ಳಕೆರೆಯಲ್ಲಿ 2017ರಲ್ಲಿ ಡಿಆರ್‌ಡಿಒ ವೈಮಾನಿಕ ಪರೀಕ್ಷಾ ವಲಯ ಉದ್ಘಾಟನೆಯಾಯಿತು. ಸೈನ್ಸ್ ಸಿಟಿ ಅಂತ ನಾವೆಲ್ಲ ಹೆಮ್ಮೆಯಿಂದ ಸುದ್ದಿ ಓದಿದೆವು, ನಾನೂ ಓದಿದೆ. ಓದಬೇಕಾದ್ದೇ. ಆದರೆ ವಿಜ್ಞಾನ ಈ ಸೀಮೆಗೆ ಆ ವರ್ಷ ಕಾಲಿಟ್ಟಿದ್ದಲ್ಲ. ಭಾರ ಎಲ್ಲಿ ಬೀಳುತ್ತದೆ, ಕಲ್ಲು ಯಾವ ಕಡೆ ವಾಲುತ್ತದೆ, ಅದನ್ನು ತಡೆಯುವುದು ಹೇಗೆ ಅಂತ ಇಲ್ಲಿನ ಜನ ಎಂದೋ ಲೆಕ್ಕ ಹಾಕಿದ್ದರು. ಆ ಲೆಕ್ಕದ ಪುಸ್ತಕ ಬಯಲಲ್ಲಿ ಬಿದ್ದಿದೆ.

ನಿಮ್ಮ ಹೊಲದಲ್ಲಿ ವೃತ್ತಾಕಾರದ ಕಲ್ಲುಗಳು ಕಂಡರೆ, ನೆಲದಿಂದ ಚಪ್ಪಡಿಯ ಅಂಚು ಇಣುಕಿದರೆ, ದಯವಿಟ್ಟು ಹಾರೆ ಹಾಕಬೇಡಿ. ಫೋಟೊ ತೆಗೆದು ಗ್ರಾಮ ಪಂಚಾಯಿತಿಗೆ, ತಹಶೀಲ್ದಾರರಿಗೆ, ಪುರಾತತ್ವ ಇಲಾಖೆಗೆ ತಿಳಿಸಿ. ಅವರು ಬರಲಿಲ್ಲ ಅಂದರೆ ನಮಗೆ ಕಳಿಸಿ. ಅವರನ್ನು ಬರಿಸುವ ಕೆಲಸ ನಾವು ಮಾಡ್ತೀವಿ.